ಪೇವರ್ ಹಾಕದೆ ಬಿಟ್ಟ ಮೂರು ಅಡಿ

ಸೂರತ್ತಿನಲ್ಲಿ ಹೊಸ ಮನೆ ಕಟ್ಟಿಸಿದವರಿಗೆ ಅಂಗಳ ಅಂದರೆ ಪಾರ್ಕಿಂಗ್. ಗೇಟಿನಿಂದ ಬಾಗಿಲವರೆಗೂ ಪೇವರ್ ಬ್ಲಾಕು, ಅದರ ಮೇಲೊಂದು ಕಾರು, ಎರಡು ಸ್ಕೂಟರು, ಮೂಲೆಯಲ್ಲಿ ಕಬ್ಬಿಣದ ತೂಗುಮಂಚ. ಗೋಡೆಗುಂಟ ಪ್ಲಾಸ್ಟಿಕ್ ಕುಂಡದಲ್ಲಿ ಮನಿ ಪ್ಲಾಂಟ್ ಇಟ್ಟರೆ ಗಾರ್ಡನ್ನೂ ಆಯಿತು. ಇಲ್ಲಿನ ಉಧ್ನಾ ಬಡಾವಣೆಯ ಮಟ್ಟಿಗೆ ಇದರಲ್ಲಿ ಅರ್ಥವಿಲ್ಲ ಎನ್ನಲಾರೆ. ಡೈಯಿಂಗ್ ಮಿಲ್ಲುಗಳ ಚಿಮಣಿಯಿಂದ ರಾತ್ರಿಯೆಲ್ಲ ಕರಿ ಬೂದಿ ಉದುರುವ ಕಡೆ, ಬೆಳಿಗ್ಗೆ ಪೈಪು ಹಿಡಿದು ತೊಳೆಯಲು ಬರುವ ನೆಲ ಯಾರಿಗೆ ಬೇಡ?

ನಮ್ಮ ರೋ-ಹೌಸಿಗೂ ಹಾಗೇ ಆಗುವುದಿತ್ತು. ತಡೆದವರು ನವಲಗುಂದದಲ್ಲಿ ಕೂತಿದ್ದ ನಮ್ಮ ಅತ್ತೆ. ಫೋನಿನಲ್ಲೇ ಕೇಳಿದರು: "ಅಲ್ಲವಾ, ಮಣ್ಣಿಲ್ಲದ ಅಂಗಳಾ ಅಂದ್ರ ಅದೆಂಥಾ ಅಂಗಳಾ? ರಂಗೋಲಿ ಎಲ್ಲಿ ಹಾಕ್ತಿ, ಬ್ಲಾಕಿನ ಸಂದ್ಯಾಗ?"

ಕಾಂಪೌಂಡಿನ ಗುಂಟ ಮೂರು ಅಡಿ ಬಿಡಿ ಎಂದು ನಾನು ಗುತ್ತಿಗೆದಾರನಿಗೆ ಹೇಳಿದೆ. "ಬೇನ್, ಮಣ್ಣು ಬಿಟ್ಟರೆ ಇಲಿ ಬಿಲ ತೋಡುತ್ತವೆ" ಎಂದ. 1994ರ ಪ್ಲೇಗ್ ಕಂಡ ಊರಿನಲ್ಲಿ ಇಲಿಯ ಹೆಸರೆತ್ತಿದರೆ ಎದುರುವಾದಿ ಸುಮ್ಮನಾಗಬೇಕು, ಅದು ಅವನಿಗೂ ಗೊತ್ತು. ನಮ್ಮವರು ಅರ್ಧ ಸೋತಿದ್ದರು. ನಾನು ಸೋಲಲಿಲ್ಲ, ಮೂರು ಅಡಿ ಉಳಿಯಿತು.

ಮೂರು ಅಡಿ ಉಳಿದದ್ದು ಹೆಸರಿಗೆ ಮಾತ್ರ. ಅಗೆದರೆ ಬಂದದ್ದೇನು? ಇಟ್ಟಿಗೆ ಚೂರು, ಗಟ್ಟಿಯಾದ ಸಿಮೆಂಟಿನ ಹೆಂಟೆ, ಟೈಲ್ಸಿನ ಓಡು, ಪೇಂಟಿನ ಡಬ್ಬಿ, ಕೆಲಸದವರ ಗುಟ್ಕಾ ಚೀಟಿ. ಅದರ ಕೆಳಗೆ ಎತ್ತರಿಸಲೆಂದು ತಂದು ಸುರಿದ ಹಳದಿ ಮಣ್ಣು. ಸೂರತ್ತಿನವರು ಎತ್ತರದ ವಿಷಯದಲ್ಲಿ ಕೈ ಬಿಗಿ ಹಿಡಿಯುವುದಿಲ್ಲ. 2006ರ ಆಗಸ್ಟಿನಲ್ಲಿ ಉಕಾಯಿ ಅಣೆಕಟ್ಟಿನಿಂದ ಬಿಟ್ಟ ನೀರಿಗೆ ತಾಪಿ ಉಕ್ಕಿ ನಗರದ ಬಹುಭಾಗ ಮುಳುಗಿತ್ತು. ಲಿಂಬಾಯತ್ ಕಡೆ ಮೀಠೀ ಖಾಡಿ ಎಂಬ ಹಳ್ಳ ಮಳೆಗಾಲದಲ್ಲಿ ಈಗಲೂ ರಸ್ತೆಗೆ ಬರುತ್ತದೆ. ಹಾಗಾಗಿ ಹೊಸಬರು ಹಳಬರಿಗಿಂತ ಎತ್ತರ, ಆಮೇಲೆ ಬಂದವರು ಅವರಿಗಿಂತ ಎತ್ತರ. ಎಲ್ಲರ ನೀರೂ ಮೊದಲು ಕಟ್ಟಿದವನ ಬಾಗಿಲಿಗೆ.

ಇದೆಲ್ಲವನ್ನೂ ತೆಗೆದ ಮೇಲೆ ಕೆಳಗೆ ಎರೆಮಣ್ಣು ಸಿಕ್ಕಿತು. ನವಲಗುಂದದ್ದೇ ಬಣ್ಣ, ಅದೇ ಅಂಟು. ಕಾಲಿಗೆ ಮೆತ್ತಿಕೊಂಡರೆ ಚಪ್ಪಲಿಯನ್ನೇ ಕಿತ್ತುಕೊಳ್ಳುವ ಗುಣವೂ ಅದೇ. ನಮ್ಮ ಕಡೆ ಎಳೆ ಜೋಳದ ತೆನೆ ಸುಟ್ಟು ಸೀತನಿ ತಿನ್ನುವ ಹಾಗೆ ಇಲ್ಲಿ ಚಳಿಗಾಲದಲ್ಲಿ ಪೊಂಕ್ ತಿನ್ನುವುದು ಸುಮ್ಮನೆ ಅಲ್ಲ, ನೆಲ ಒಂದೇ ಜಾತಿಯದು. ಈ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಹೀಗಾಗಿ ಮನೆಯ ಗೋಡೆಗೆ ತಾಗಿಸಿ ಗಿಡ ನೆಟ್ಟು ಕೊಡಗಟ್ಟಲೆ ನೀರು ಹಾಕಬಾರದು. ಬುನಾದಿಯ ಒಂದು ಕಡೆ ಹಸಿ, ಇನ್ನೊಂದು ಕಡೆ ಒಣ ಆದರೆ ಗೋಡೆಯಲ್ಲಿ ಗೆರೆ ಬೀಳುತ್ತದೆ. ಗಿಡಗಳೆಲ್ಲ ಕಾಂಪೌಂಡಿನ ಮಗ್ಗುಲಿಗೇ ಹೋದದ್ದು ಈ ಕಾರಣಕ್ಕೆ.

ಮಣ್ಣು ನಮ್ಮದಾದರೂ ನೀರು ನಮ್ಮದಲ್ಲ. ಬೋರಿನದು ಉಪ್ಪು. ಬೇಸಿಗೆಯಲ್ಲಿ ಅದನ್ನೇ ಹಾಕುತ್ತಾ ಹೋದರೆ ಪಾತಿಯ ಮೇಲೆ ಬಿಳಿ ಪೊರೆ ಕಟ್ಟಿ, ಎಲೆಯ ಅಂಚು ಸುಟ್ಟ ಹಾಗೆ ಕಂದಾಗುತ್ತದೆ. ಆರ್‌ಒ ಯಂತ್ರದ ತ್ಯಾಜ್ಯ ನೀರನ್ನು ಗಿಡಕ್ಕೆ ಹಾಕಿ ಎಂದು ಎಲ್ಲರೂ ಉಪದೇಶ ಮಾಡುತ್ತಾರೆ. ಬೋರಿನ ನೀರನ್ನೇ ಆ ಯಂತ್ರಕ್ಕೆ ಕೊಟ್ಟರೆ ಹೊರಬರುವುದು ಬೋರಿಗಿಂತ ಉಪ್ಪು ನೀರು. ಬಕೆಟ್ ತೊಳೆಯಲು ಅದು ಸಾಕು, ಗಿಡಕ್ಕೆ ಬೇಡ. ನಾವು ಮಾಡಿದ್ದು ಇಷ್ಟು: ಪಾತಿಯನ್ನು ಪೇವರಿಗಿಂತ ಒಂದು ಗೇಣು ತಗ್ಗಿಸಿ, ಹಳೆಯ ಸಗಣಿ ಗೊಬ್ಬರ, ಒಂದಿಷ್ಟು ಜಿಪ್ಸಂ ಸೇರಿಸಿ, ಟೆರೇಸಿನ ಮಳೆನೀರಿನ ಪೈಪನ್ನು ಅದರೊಳಕ್ಕೆ ತಿರುಗಿಸಿ, ಹೆಚ್ಚಾದದ್ದು ಹೊರಗೆ ಹೋಗಲು ತೂತು ಬಿಟ್ಟೆವು. ಮಳೆಗಾಲದ ನಾಲ್ಕು ತಿಂಗಳ ನೀರು ಉಪ್ಪನ್ನು ಕೆಳಗೆ ತೊಳೆದುಕೊಂಡು ಹೋಗುತ್ತದೆ. ಬೇಸಿಗೆಗೆ ಬೆಳಗಿನ ನಲ್ಲಿ ನೀರೇ ಗತಿ, ಅದೂ ತಂಬಿಗೆ ಲೆಕ್ಕದಲ್ಲಿ.

ಏನು ನೆಡಬೇಕೆಂಬುದಕ್ಕೆ ಸೊಸೈಟಿಯಲ್ಲಿ ಸಲಹೆಗೆ ಬರವಿಲ್ಲ. ಪಕ್ಕದ ಮನೆಯ ಮಾಸಿ ಚಹಕ್ಕೆ ಹಾಕುವ ಮಜ್ಜಿಗೆಹುಲ್ಲಿನ ಗಡ್ಡೆ ತಂದುಕೊಟ್ಟರು. ಇಲ್ಲಿ ಅದೂ ಪುದೀನವೂ ಇಲ್ಲದ ಚಹಾ ಅರೆಬೆಂದ ಚಹಾ. ಕರಿಬೇವು, ನುಗ್ಗೆ, ದಾಸವಾಳ, ನಲ್ಲಿಯ ಕೆಳಗೆ ಕೆಸು. ಕೆಸುವಿನ ಎಲೆ ಮಾಸಿಯ ಪಾತ್ರಾ ತಿಂಡಿಗೇ ಹೋಗುತ್ತದೆ, ನನಗೆ ಆ ತುರಿಕೆಯ ಕೆಲಸ ಬೇಡ. ಮಳೆ ನಿಲ್ಲುವ ಮೊದಲು ಪಾಪ್ಡಿ ಬೀಜ ಹಾಕಿದೆ. ಇಲ್ಲಿಯ ಊಂಧಿಯು ಪಲ್ಯಕ್ಕೆ ಬೇಕಾದ ಈ ಎಳೆ ಅವರೆಗೆ ಸೂರತ್ತಿನ ಕತಾರಗಾಮ್ ಹೆಸರುವಾಸಿ; ಅಲ್ಲಿನ ಹೊಲಗಳಿದ್ದ ಕಡೆ ಈಗ ವಜ್ರ ತಿಕ್ಕುವ ಕಾರ್ಖಾನೆಗಳು, ಹೆಸರು ಮಾತ್ರ ತರಕಾರಿ ಗಾಡಿಯವರ ಬಾಯಲ್ಲಿದೆ. ಬಳ್ಳಿ ಕಟ್ಟಲು ಹುರಿ ಕೊಳ್ಳಬೇಕಿಲ್ಲ. ಲೂಮುಗಳ ಊರು, ಸೀರೆಯಂಚಿನ ಚಿಂದಿ ಚೀಲಗಟ್ಟಲೆ ಸಿಗುತ್ತದೆ. ಗುಲಾಬಿ, ಗಿಳಿಹಸಿರು ಚಿಂದಿ ಸುತ್ತಿಕೊಂಡ ನಮ್ಮ ಅವರೆ ಬಳ್ಳಿ ಮದುವೆಗೆ ಹೊರಟವಳ ಹಾಗೆ ಕಾಣುತ್ತದೆ. ಪಾಲಿಯೆಸ್ಟರ್ ಕೊಳೆಯುವುದಿಲ್ಲ, ಆಗಾಗ ಸಡಿಲಿಸದಿದ್ದರೆ ಕಾಂಡವನ್ನೇ ಕೊಯ್ಯುತ್ತದೆ.

ಚಿಕ್ಕೂ ಬೇಕೆಂದು ನಮ್ಮವರ ಹಟ. ನವಸಾರಿ ಇಷ್ಟು ಹತ್ತಿರ ಇರುವಾಗ ಬೇಡ ಎನ್ನುವುದು ಹೇಗೆ? ಅಲ್ಲಿ ಸಿಗುವುದು ಕಾಲಿಪತ್ತಿ, ರಾಯಣ್ ಗಿಡದ ಬೇರಿನ ಮೇಲೆ ಕಟ್ಟಿದ ಕಸಿ. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಡಿಎಚ್‌ಎಸ್-1, ಡಿಎಚ್‌ಎಸ್-2 ಚಿಕ್ಕೂಗಳು ಇದೇ ಕಾಲಿಪತ್ತಿ ಮತ್ತು ಕ್ರಿಕೆಟ್ ಬಾಲ್ ತಳಿಗಳನ್ನು ಕೂಡಿಸಿ ಹುಟ್ಟಿದವು. ಅಂದರೆ ಗುಜರಾತಿಗೂ ಧಾರವಾಡಕ್ಕೂ ಬೀಗತನ ಮೊದಲೇ ಆಗಿದೆ. ಉಪ್ಪು ನೀರನ್ನೂ ಚಿಕ್ಕೂ ಸಾಕಷ್ಟು ತಾಳುತ್ತದೆ. ತಾಳದ್ದು ಇಕ್ಕಟ್ಟು, ದೊಡ್ಡ ಮರವಾಗುವ ಜಾತಿ. ಅದನ್ನು ಸೊಸೈಟಿಯ ಕಾಮನ್ ಪ್ಲಾಟಿನಲ್ಲಿ ನೆಟ್ಟೆವು.

ತುಳಸಿಗೆ ಮಾತ್ರ ಯಾರ ಸಲಹೆಯೂ ಬೇಕಾಗಲಿಲ್ಲ. ಇಲ್ಲಿಯವರು ಕಾರ್ತಿಕದ ಏಕಾದಶಿಗೆ ಅದರ ಮದುವೆ ಮಾಡಿದರೆ ನಾವು ದ್ವಾದಶಿಗೆ. ನೆಲ್ಲಿಯ ಕೊಂಬೆ ಸಿಗದಿದ್ದರೂ ಬಾರಡೋಲಿ ಕಡೆಯ ಕಬ್ಬು ಬೇಕಾದಷ್ಟು. ರಂಗೋಲಿ ಮಣ್ಣಿನ ಮೇಲೇ ಬೀಳುತ್ತದೆ, ಅದರ ಫೋಟೋ ನವಲಗುಂದಕ್ಕೆ ಹೋಗುತ್ತದೆ.

ಮನೆ ಕಟ್ಟಿಸುತ್ತಿರುವವರಿಗೆ ಒಂದು ಮಾತು. ಮಾರ್ಬಲ್ಲು, ಮಾಡ್ಯುಲರ್ ಕಿಚನ್ನು ಆಮೇಲೂ ಬದಲಾಯಿಸಬಹುದು. ಗುತ್ತಿಗೆದಾರನಿಗೆ ಕೊನೆಯ ಕಂತು ಕೊಡುವ ಮೊದಲು ಹಿಂದೆ, ಮಗ್ಗುಲಲ್ಲಿ ಗುದ್ದಲಿ ಹಾಕಿಸಿ ನೋಡಿ. ಹುಗಿದ ಕಸವನ್ನು ಅವನ ಟ್ರ್ಯಾಕ್ಟರಿನಲ್ಲೇ ಕಳಿಸಿ. ಪೇವರಿನವನು ಬರುವ ಮುಂಚೆಯೇ ಕಾಂಪೌಂಡಿನಿಂದ ಮೂರು ಅಡಿಗೆ ಸುಣ್ಣದ ಗೆರೆ ಎಳೆದಿಡಿ.