ತರಗೆಲೆಯ ಕಾಲದ ವಸಂತ

ಪಂಚಾಂಗದ ವಸಂತ ಚೈತ್ರದಲ್ಲಿ ಕಾಲಿಡುತ್ತದೆ. ಕಾಡಿನ ವಸಂತ ಮಾಘದಲ್ಲೇ ಬಂದು ಕೂತಿರುತ್ತದೆ. ಶಿವರಾತ್ರಿಯ ಆಸುಪಾಸಿನಲ್ಲಿ ತುಮಕೂರಿನ ಪಕ್ಕದ ದೇವರಾಯನದುರ್ಗವನ್ನು ನೋಡಿದವರಿಗೆ ಈ ಮಾತು ಸುಲಭವಾಗಿ ಒಪ್ಪಿಗೆಯಾಗಲಾರದು. ಮರಗಳು ಬೋಳು ಬೋಳು, ಹುಲ್ಲು ಸುಟ್ಟ ಹಳದಿ, ಕಾಲಿಟ್ಟಲ್ಲೆಲ್ಲ ತರಗಿನ ಸದ್ದು. ಜಯಮಂಗಲಿ ಹುಟ್ಟುವ ಬೆಟ್ಟವೇ ಆದರೂ ಹಳ್ಳಗಳಲ್ಲಿ ಹೆಚ್ಚಾಗಿ ಕಾಣುವುದು ಬಿಸಿಲಿಗೆ ಕಾದ ಕಲ್ಲು. “ಮಳೆಗಾಲದಲ್ಲಿ ಹೋಗಬಾರದೇ, ಈಗ ಅಲ್ಲಿ ಏನಿರುತ್ತೆ?” ಎಂದು ಕೇಳುವ ಗೆಳೆಯರಿದ್ದಾರೆ. ಇರುವುದೆಲ್ಲ ಈಗಲೇ ಇರುತ್ತದೆ ಎನ್ನುವುದು ನನ್ನ ನಂಬಿಕೆ. ಬಯಲುಸೀಮೆಯ ವಸಂತಕ್ಕೆ ಮಳೆಯ ಹಂಗಿಲ್ಲ.

ಮೊದಲು ಸುದ್ದಿ ಮುಟ್ಟಿಸುವುದು ಮುತ್ತುಗ. ಉಳಿದ ದಿನಗಳಲ್ಲಿ ಅದರ ಸೊಟ್ಟ ಕಾಂಡವನ್ನು ಯಾರೂ ತಿರುಗಿ ನೋಡುವುದಿಲ್ಲ. ಊಟದೆಲೆ ಹಚ್ಚುವವರಿಗಷ್ಟೇ ಅದರ ನೆನಪು. ಮಾಘ ಮುಗಿಯುವ ಹೊತ್ತಿಗೆ ಎಲೆಯೆಲ್ಲ ಉದುರಿ, ಕೊಂಬೆ ಕೊಂಬೆಯೂ ಕೇಸರಿ ಕೆಂಪಾಗುತ್ತದೆ. ಕೆಳಗೆ ಬಿದ್ದ ಒಂದು ಹೂವನ್ನು ಅಂಗೈಯಲ್ಲಿಟ್ಟು ನೋಡಬೇಕು. ತೊಟ್ಟಿನ ಬಟ್ಟಲು ಕಪ್ಪುಗಂದು, ಮುಟ್ಟಿದರೆ ನವಿರು ರೋಮ. ಅದರಿಂದ ಗಿಳಿಯ ಕೊಕ್ಕಿನಂತೆ ಬಾಗಿದ ಎಸಳು ಹೊರಚಾಚಿದೆ. ಕೇಸರಗಳು ಅಡಗಿರುವುದು ಆ ಎಸಳಿನೊಳಗೆ. ಬುಡದಲ್ಲಿರುವ ಮಕರಂದಕ್ಕಾಗಿ ಸೂರಕ್ಕಿ ಕೊಕ್ಕು ತೂರಿಸಿದಾಗ ಎಸಳು ಬಿಚ್ಚಿಕೊಂಡು, ಪರಾಗ ಹಕ್ಕಿಗೆ ಮೆತ್ತಿಕೊಳ್ಳುತ್ತದೆ. ಹಕ್ಕಿ ಮುಂದಿನ ಮರಕ್ಕೆ ಹಾರುತ್ತದೆ, ಪರಾಗವೂ ಜೊತೆಗೆ ಹೋಗುತ್ತದೆ. ಎಲೆಗಳ ಮರೆ ಇಲ್ಲದ್ದರಿಂದ ಈ ಕೆಂಪು ದೂರದ ಹಕ್ಕಿಗೂ ಕಾಣುತ್ತದೆ. ಬರಿಮೈಯಲ್ಲಿ ಹೂ ಬಿಡುವ ಮರದ ಜಾಣ್ಮೆ ಇಲ್ಲಿದೆ.

ಬೂರುಗದ ಮರ ಹೂ ಬಿಟ್ಟರಂತೂ ಅದೊಂದು ಸಂತೆಯೇ. ಮೈನಾ, ಕಾಜಾಣ, ಕಾಗೆ, ಅಳಿಲು ಎಲ್ಲವೂ ಹಗಲಿಡೀ ಅಲ್ಲೇ; ರಾತ್ರಿಯ ಪಾಳಿ ಬಾವಲಿಗಳದು. ಚಳಿ ಕಳೆಯಲೆಂದು ಮಧ್ಯ ಏಷ್ಯಾದ ಕಡೆಯಿಂದ ಬಂದ ಗುಲಾಬಿ ಕಬ್ಬಕ್ಕಿಗಳು ಹಿಂಡುಹಿಂಡಾಗಿ ಇಳಿದು, ವಾಪಸ್ ಪ್ರಯಾಣಕ್ಕೆ ಮುನ್ನ ಹೊಟ್ಟೆ ತುಂಬಿಸಿಕೊಳ್ಳುತ್ತವೆ. ಇಳಿಜಾರುಗಳಲ್ಲಿ ಜಾಲಾರಿ ಅರಳುತ್ತದೆ. ಮರ ಕಣ್ಣಿಗೆ ಬೀಳುವ ಮೊದಲೇ ಅದರ ಪರಿಮಳ ಎದುರಾಗುತ್ತದೆ, ಹಿಂದೆಯೇ ಜೇನಿನ ಝೇಂಕಾರ. ಹೂವಿನ ಕಾಲವನ್ನೇ ಹಿಂಬಾಲಿಸಿ ಊರಿಂದೂರಿಗೆ ಅಲೆಯುವ ಹೆಜ್ಜೇನಿಗೆ ಬಿಡುವಿಲ್ಲದ ದುಡಿಮೆಯ ದಿನಗಳಿವು.

ಹೂವಿಗಿಂತ ನನ್ನನ್ನು ಹೆಚ್ಚು ಬೆರಗಾಗಿಸುವುದು ಚಿಗುರು. ಮುಂಗಾರು ಇನ್ನೂ ಮೂರು ತಿಂಗಳ ದೂರದಲ್ಲಿರುವಾಗ, ನೆಲ ಬಿರುಕು ಬಿಡುತ್ತಿರುವಾಗ, ಮರ ಯಾವ ಧೈರ್ಯದ ಮೇಲೆ ಚಿಗುರುತ್ತದೆ? ಎಲೆ ಉದುರಿದೊಡನೆ ನೀರು ಆವಿಯಾಗಿ ಹೋಗುವ ದಾರಿ ಮುಚ್ಚುತ್ತದೆ. ಆಳದ ಬೇರು ಎಳೆದ ನೀರು ಕಾಂಡದಲ್ಲೇ ಉಳಿಯುತ್ತದೆ. ಆ ಉಳಿತಾಯದಿಂದ ಚಿಗುರು ಮೂಡುತ್ತದೆ. ಅವಸರಕ್ಕೂ ಕಾರಣವಿದೆ. ಮಳೆ ಬಿದ್ದ ಮೇಲೆ ಎಲೆ ತಿನ್ನುವ ಹುಳುಗಳು ಲೆಕ್ಕವಿಲ್ಲದಷ್ಟು ಹುಟ್ಟುತ್ತವೆ. ಅಷ್ಟರೊಳಗೆ ಎಲೆ ಬಲಿತಿದ್ದರೆ ಮರ ಬಚಾವು. ಪರಿಸರ ವಿಜ್ಞಾನಿಗಳಾದ ಕೆ.ಎಸ್. ಮುರಳಿ ಮತ್ತು ರಾಮನ್ ಸುಕುಮಾರ್ ಅವರು ಬಂಡೀಪುರಕ್ಕೆ ತಾಗಿಕೊಂಡಿರುವ ಮುದುಮಲೆಯ ಕಾಡಿನಲ್ಲಿ ಇದನ್ನು ಅಧ್ಯಯನ ಮಾಡಿ 1993ರಲ್ಲಿ ಪ್ರಕಟಿಸಿದರು. ಮಳೆಗೆ ಮೊದಲೇ ಚಿಗುರಿದ ಮರಗಳ ಎಲೆಗಳಿಗೆ ಹುಳುಗಳ ಕಾಟ ಕಡಿಮೆ, ಮಳೆ ನೋಡಿ ಚಿಗುರಿದವುಗಳಿಗೆ ಹೆಚ್ಚು ಎಂಬುದು ಅವರು ಕಂಡುಕೊಂಡ ಸಂಗತಿ. ಬೋಳು ಕೊಂಬೆಯ ತುದಿಯ ತಾಮ್ರವರ್ಣದ ಪುಟ್ಟ ಎಲೆಯ ಹಿಂದೆ ಇಷ್ಟು ದೊಡ್ಡ ಲೆಕ್ಕಾಚಾರವಿದೆ.

ಕಣ್ಣಿಗಿರುವಷ್ಟೇ ಕೆಲಸ ಕಿವಿಗೂ ಇದೆ. ಚಳಿಗಾಲವಿಡೀ ಪೊದೆಯಲ್ಲಿ ಚರ್ ಚರ್ ಎನ್ನುತ್ತಿದ್ದ ಮಡಿವಾಳ ಹಕ್ಕಿ ಈಗ ನಸುಕಿನಲ್ಲೇ ಮರದ ತುದಿ ಹತ್ತಿ, ಗಂಟಲು ತೆರೆದು ಹಾಡುತ್ತದೆ. ಕಂಚುಕುಟಿಗ ಒಣಕೊಂಬೆಯ ಮೇಲೆ ಕೂತು ಬಿಸಿಲೇರಿದರೂ ಟಂಕ್ ಟಂಕ್ ನಿಲ್ಲಿಸುವುದಿಲ್ಲ. ಕೋಗಿಲೆ ಎಲ್ಲಿಂದಲೋ ಬಂತು ಎಂದು ಜನ ಸಂಭ್ರಮಿಸುತ್ತಾರೆ. ಅದು ಇಲ್ಲೇ ಇತ್ತು. ಬಾಯಿ ಮುಚ್ಚಿಕೊಂಡಿತ್ತು, ಅಷ್ಟೆ. ಕಾಗೆಗಳು ಗೂಡು ಕಟ್ಟುವ ಕಾಲ ಹತ್ತಿರವಾದಂತೆ ಗಂಡು ಕೋಗಿಲೆ ಕೂಗತೊಡಗುತ್ತದೆ. ಇತ್ತ, ಚಳಿಗಾಲದ ಅತಿಥಿಗಳಾದ ಪುಟಾಣಿ ಉಲಿಯಕ್ಕಿಗಳು ಹಿಮಾಲಯದತ್ತ ಹೊರಡುವ ಸಿದ್ಧತೆಯಲ್ಲಿರುತ್ತವೆ. ಒಂದೇ ಕೊಂಬೆಯ ಮೇಲೆ ಹೊರಟವರೂ ಇದ್ದಾರೆ, ಸಂಸಾರ ಹೂಡುವವರೂ ಇದ್ದಾರೆ.

ಹೂವು, ಹಾಡು ಎರಡೂ ಮೇಲಿರುವುದರಿಂದ ಕಾಲಡಿಯ ನೆಲ ಮರೆತುಹೋಗುತ್ತದೆ. ಹಾಗಾಗಬಾರದು. ಸಂಜೆಗತ್ತಲಲ್ಲಿ, ಪುಟಿದು ಪುಟಿದು ನಿಲ್ಲುವ ಗೋಲಿಯ ಸದ್ದಿನಂಥ ಕೂಗೊಂದು ಕೇಳಿಸಿದರೆ ಅದು ನತ್ತಿಂಗ. ಫಾಲ್ಗುಣದಿಂದ ಮುಂದೆ ಅದರ ಸಂತಾನದ ಕಾಲ. ಗೂಡು ಎಂಬುದೇ ಇಲ್ಲ. ಬರಿನೆಲದ ಮೇಲೆ, ತರಗಿನ ನಡುವೆ, ಕಂದು ಮಚ್ಚೆಗಳ ಎರಡು ಮೊಟ್ಟೆ. ಮೈಬಣ್ಣವೂ ತರಗಿನದ್ದೇ ಆದ್ದರಿಂದ ಹಗಲಿಡೀ ಅಲುಗಾಡದೆ ಕಾವು ಕೂತ ಹಕ್ಕಿ ಎರಡು ಹೆಜ್ಜೆ ಹತ್ತಿರ ಹೋದರೂ ಕಾಣುವುದಿಲ್ಲ. ಅರೆಮುಚ್ಚಿದ ಕಣ್ಣಿನ ಸೀಳೊಂದು ಮಾತ್ರ ಗುರುತು. ಕಂಡರೆ ಸದ್ದಿಲ್ಲದೆ ಬಂದ ದಾರಿಯಲ್ಲೇ ಹಿಂದಿರುಗಬೇಕು.

ಈ ತರಗಿಗೇ ನಾವು ಬೆಂಕಿ ಇಡುತ್ತೇವೆ. ಹೊಸ ಹುಲ್ಲು ಬರಲಿ ಎಂದು ಹಚ್ಚಿದ್ದು, ಎಸೆದ ಬೀಡಿಯ ತುಂಡು, ಅಡುಗೆ ಮಾಡಿ ಆರಿಸದೆ ಬಿಟ್ಟ ಒಲೆ: ನಮ್ಮ ಕಾಡುಗಳ ಬೆಂಕಿ ಬಹುಪಾಲು ಮನುಷ್ಯರ ಕೈಯದು. 2019ರ ಫೆಬ್ರುವರಿಯಲ್ಲಿ ಬಂಡೀಪುರದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಎಕರೆ ಸುಟ್ಟುಹೋಯಿತು. ಸತ್ತ ಕಾಡು ತಾನೇ ಎಂದು ಸುಡುವವರು ತಿಳಿದಿರಬಹುದು. ಫೆಬ್ರುವರಿ ಎಂದರೆ ಮೊಟ್ಟೆಯ ಕಾಲ, ಮೊಗ್ಗಿನ ಕಾಲ, ಉಳಿತಾಯದ ನೀರು ಚಿಗುರಾಗಿ ಹೊಮ್ಮುವ ಕಾಲ. ಅದೇ ತರಗು ಕೊಳೆತು ಗೊಬ್ಬರವಾಗಬೇಕು, ಮುಂಗಾರಿನ ಮೊದಲ ಹನಿಗಳನ್ನು ಹಿಡಿದು ನೆಲಕ್ಕಿಳಿಸಬೇಕು.

ಫಾಲ್ಗುಣದಲ್ಲಿ ದುರ್ಗದ ನರಸಿಂಹಸ್ವಾಮಿಯ ತೇರಿಗೆ ಸಾವಿರಾರು ಜನ ಬೆಟ್ಟ ಹತ್ತುತ್ತಾರೆ. ಅವರೆಲ್ಲ ದಾರಿಯಲ್ಲಿ ಒಂದು ಗಳಿಗೆ ನಿಲ್ಲಲಿ. ಮಕ್ಕಳಿಗೆ ಮುತ್ತುಗದ ಹೂ ತೋರಿಸಲಿ, ಬೂರುಗದ ಮರದ ಗಲಾಟೆ ಕೇಳಿಸಲಿ, ಬೆಂಕಿಪೊಟ್ಟಣವನ್ನು ಜೇಬಿನಲ್ಲೇ ಇಟ್ಟುಕೊಳ್ಳಲಿ. ಕಾಡು ಒಣಗಿದೆ ಎನ್ನುವ ಮಾತು ಆ ಮಕ್ಕಳ ಬಾಯಲ್ಲಿ ಬಾರದಂತಾದರೆ, ಅದನ್ನು ಕಾಯುವವರ ಸಂಖ್ಯೆ ಅಷ್ಟರಮಟ್ಟಿಗೆ ಹೆಚ್ಚುತ್ತದೆ.