ನೀರು ನಿಲ್ಲುವ ಮೂಲೆಗೆ ಯಾವ ಹೂಮರ?

ಠಾಣೆಯಿಂದ ಕಲ್ಯಾಣದವರೆಗೆ, ಅತ್ತ ಐರೋಲಿ, ನೆರೂಳಿನವರೆಗೆ ಎಷ್ಟೋ ಹೌಸಿಂಗ್ ಸೊಸೈಟಿಗಳಲ್ಲಿ ಮಳೆಗಾಲಕ್ಕೆ ನೀರು ನಿಲ್ಲುವ ಒಂದು ಮೂಲೆ ಇದ್ದೇ ಇರುತ್ತದೆ. ಡೊಂಬಿವಲಿಯ ನಮ್ಮಲ್ಲಿ ಅದು ಬಿ ವಿಂಗಿನ ಹಿಂದೆ. ದಿನವಿಡೀ ಬಿಸಿಲು, ಜುಲೈಯಲ್ಲಿ ಪಾದ ಮುಳುಗುವಷ್ಟು ನೀರು. ಆಗಸ್ಟಿನ ಮೀಟಿಂಗಿನಲ್ಲಿ ಅಲ್ಲಿ ಪೇವರ್ ಬ್ಲಾಕ್ ಹಾಸಿಬಿಡೋಣ ಎಂಬ ಮಾತು ಬಂತು. ಹಾಸಿದರೆ ನೀರು ಮಾಯವಾಗುವುದಿಲ್ಲ, ಇಂಗಲು ಜಾಗವಿಲ್ಲದೆ ನೆಲಮಹಡಿಯ ಮನೆಗಳತ್ತ ತಿರುಗುತ್ತದೆ. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಸುರಿದ 2005ರ ಜುಲೈ 26ನ್ನು ಕಂಡವರು ಆ ಮನೆಗಳಲ್ಲಿ ಈಗಲೂ ಇದ್ದಾರೆ. ಗಿಡ ನೆಡೋಣ ಎಂದೆ. ‘ಹಾಗಾದರೆ ಲಿಸ್ಟ್ ಕೊಡಿ’ ಎಂದರು ಸೆಕ್ರೆಟರಿ.

ಲಿಸ್ಟ್ ಸುಲಭವಲ್ಲ. ಚಳಿದೇಶದ ತೋಟಗಾರಿಕೆ ಪುಸ್ತಕಗಳ ಒದ್ದೆ ನೆಲ ಸಾಮಾನ್ಯವಾಗಿ ವರ್ಷವಿಡೀ ಒದ್ದೆ. ನಮ್ಮದು ನಾಲ್ಕು ತಿಂಗಳು ಕೆಸರು, ಮಾರ್ಚ್ ಹೊತ್ತಿಗೆ ಗುದ್ದಲಿಗೂ ಬಗ್ಗದ ಮುರುಮ್. ಒಂದೇ ಗಿಡ ಎರಡನ್ನೂ ತಾಳಬೇಕು. ಬೇರಿಗೂ ಉಸಿರಾಟವಿದೆ. ಮಣ್ಣಿನ ಸಂದುಗಳಲ್ಲಿ ಗಾಳಿ ಇರಬೇಕಾದಲ್ಲಿ ನೀರು ತುಂಬಿದರೆ ಹೆಚ್ಚಿನ ಗಿಡಗಳು ಕೊಳೆಯುತ್ತವೆ. ನರ್ಸರಿಯವರು ಮೊದಲು ತೋರಿಸುವ ದೇವಕಣಗಿಲೆ, ಬೋಗನ್‌ವಿಲ್ಲಾ ಅದಕ್ಕೇ ಇಲ್ಲಿಗೆ ಬೇಡ. ನನ್ನ ಮನಸ್ಸಿನಲ್ಲಿ ಮಲ್ಲಿಗೆಯಿತ್ತು. ಶಿರಸಿಯಿಂದ ಬಂದಿದ್ದ ಆಯಿ ಕಿಟಕಿಯಿಂದಲೇ ನೋಡಿ, ‘ತಮಾ, ನೀರು ನಿಂತಲ್ಲಿ ಮಲ್ಲಿಗೆ ಬರ್ತಿಲ್ಲೆ’ ಎಂದಳು. ಅಲ್ಲಿಗೆ ರಿಕ್ವೈರ್‌ಮೆಂಟ್ ಮುಗಿಯಿತು.

ಪಟ್ಟಿಯ ಮೊದಲ ಹೆಸರು ಹೊಳೆದಾಸವಾಳ. ಹೆಸರಲ್ಲೇ ವಿಳಾಸವಿರುವ ಮರ. ಘಟ್ಟದ ಹೊಳೆದಂಡೆಗಳಲ್ಲಿ ಮಳೆಗಾಲದ ನೆರೆಯನ್ನೂ ಬೇಸಿಗೆಯ ಬರಿದನ್ನೂ ನೋಡಿ ಬೆಳೆದದ್ದು. ಇಲ್ಲಿಯವರಿಗೆ ಅದು ತಾಮ್ಹಣ, ಮಹಾರಾಷ್ಟ್ರದ ರಾಜ್ಯಪುಷ್ಪ. ಚಳಿಗಾಲದಲ್ಲಿ ಎಲೆ ಕೆಂಪಾಗಿ ಉದುರುತ್ತದೆ. ಏಪ್ರಿಲ್, ಮೇ ಬಿಸಿಲಿಗೆ ಕ್ರೇಪ್ ಕಾಗದದಂಥ ಸುಕ್ಕು ಎಸಳಿನ ನೇರಳೆ ಗೊಂಚಲು. ಕನ್ನಡಿಗರೂ ಮರಾಠಿಗರೂ ಸೇರಿ ಕೂರುವ ಕಮಿಟಿಯಲ್ಲಿ ಇದಕ್ಕೆ ವಿರೋಧ ಬರುವ ಸಂಭವ ಕಡಿಮೆ ಎಂಬ ಲೆಕ್ಕಾಚಾರವೂ ನನಗಿತ್ತು.

ಅದಕ್ಕಿಂತಲೂ ನೀರುಗಟ್ಟಿ ಇಲ್ಲಿನ ಸಮುದ್ರಫಳ. ಕಾಂಡ ನೀರಲ್ಲಿ ನಿಂತರೂ ಅಲುಗದು. ಜಡೆಯಂತೆ ಇಳಿಬಿದ್ದ ಕೆಂಪು ಹೂ ರಾತ್ರಿ ಅರಳಿ ಬೆಳಗಾಗುವಷ್ಟರಲ್ಲಿ ನೆಲಕ್ಕೆ ಹಾಸಿರುತ್ತದೆ. ಏಳು ಗಂಟೆಯ ಲೋಕಲ್ ಹಿಡಿಯುವವರಿಗೆ ಕಾಣಿಸುವುದು ಆ ಹಾಸೇ. ಬೆಳವಣಿಗೆ ಮಾತ್ರ ನಿಧಾನ.

ನವಿ ಮುಂಬಯಿಯಲ್ಲಿ ಖಾಡಿಗೆ ಹತ್ತಿರ ಇರುವವರ ಲೆಕ್ಕ ಬೇರೆ. ಮೇ ತಿಂಗಳಲ್ಲಿ ನೆಲದ ಮೇಲೆ ಬಿಳಿ ಪುಡಿ ಕಂಡರೆ ಅದು ಹೆಚ್ಚಾಗಿ ಉಪ್ಪು. ಅಂಥಲ್ಲಿ ಹೂವರಸಿಯನ್ನೇ ನಂಬಬೇಕು. ಅದರ ಹಳದಿ ಹೂ ಸಂಜೆಗೆ ಕೆಂಪಾಗುತ್ತದೆ. ಮರಾಠಿಯಲ್ಲಿ ಭೇಂಡಿ; ಮುಂಬಯಿಯ ಭೇಂಡಿಬಜಾರಿಗೆ ಹೆಸರು ಕೊಟ್ಟದ್ದು ಇದೇ ಮರ ಎನ್ನುವವರಿದ್ದಾರೆ.

ಮರದ ಬುಡಕ್ಕೆ ಕ್ಯಾನಾ, ಸುಗಂಧಿ. ಮಳೆಗಾಲದಲ್ಲಿ ಸ್ಟೇಷನ್ನಿನ ಹೂವಾಡಗಿತ್ತಿಯರು ಸೋನಟಕ್ಕಾ ಎಂದು ಮಾರುವುದು ಈ ಸುಗಂಧಿಯನ್ನೇ. ಬೇಸಿಗೆಯಲ್ಲಿ ಎಲೆ ಒಣಗಿದರೂ ಗಡ್ಡೆ ಒಳಗಿದ್ದು ಮತ್ತೆ ಚಿಗುರುತ್ತದೆ. ಕೇದಿಗೆಯನ್ನೂ ಬರೆದಿದ್ದೆ. ಮುಳ್ಳು, ಮಕ್ಕಳು, ಮೇಲಾಗಿ ಹಾವು ಎಂದು ಆಯಿಯೇ ಹೊಡೆದು ಹಾಕಿದಳು. ಹಾವಿನ ಮಾತು ನಾನು ನಂಬುವುದಿಲ್ಲ, ಮುಳ್ಳಿನದು ನಿಜ.

ಜಾಗ ನೋಡಿಯೇ ಗುಂಡಿ ತೋಡಬೇಕು. 1975ರ ಮಹಾರಾಷ್ಟ್ರದ ಮರ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮದೇ ಅಂಗಳದ ಮರವಾದರೂ ಕಡಿಯಲು ಪಾಲಿಕೆಯ ಅನುಮತಿ ಬೇಕು. ಗೋಡೆ, ಡ್ರೈನೇಜ್ ಪೈಪಿನಿಂದ ಹದಿನೈದು ಅಡಿ ಬಿಟ್ಟೆವು. ಗುಂಡಿಯ ಮೇಲೆ ಅಡಿಯೆತ್ತರ ಮಣ್ಣಿನ ದಿಬ್ಬ ಮಾಡಿ ಸಸಿ ಕೂರಿಸಿದರೆ ಎಳೆಬೇರು ಮೊದಲ ವರ್ಷ ಮುಳುಗುವುದಿಲ್ಲ. ಜೂನ್‌ನಲ್ಲಿ ನೆಡುವುದು ವಾಡಿಕೆ. ನೀರು ನಿಲ್ಲುವ ಜಾಗಕ್ಕೆ ನನ್ನ ಮಟ್ಟಿಗೆ ಸೆಪ್ಟೆಂಬರ್ ಕೊನೆಯೇ ಲೇಸು.

ಕಮಿಟಿ ಒಂದು ವರ್ಷ ಕೊಟ್ಟಿದೆ. ಎರಡು ಹೊಳೆದಾಸವಾಳ, ಒಂದು ಸಮುದ್ರಫಳ, ಸುತ್ತ ಸುಗಂಧಿ. ಪೇವರ್ ಬ್ಲಾಕಿನ ಕೊಟೇಶನ್ ಇನ್ನೂ ಫೈಲಿನಲ್ಲಿದೆ. ಮೇ ಕೊನೆಯವರೆಗೆ ನೀರು ಹಾಕುವ ಪಾಳಿಗೆ ಎಕ್ಸೆಲ್ ಶೀಟ್ ಮಾಡಿದ್ದೇನೆ. ಶನಿವಾರ, ಭಾನುವಾರ ನನ್ನವು.