ಬಂದೂಕೋ, ಪಾಸ್‌ಪೋರ್ಟೋ?

ಕಾಲೇಜಿಗೆ ಹೋಗುವ ಮಕ್ಕಳಿರುವ ಮನೆಯಲ್ಲಿ ಮಾತು ಎಲ್ಲಿ ಶುರುವಾಗಿ ಎಲ್ಲಿಗೆ ಮುಟ್ಟುತ್ತದೆಂದು ನಾನು ಹೇಳಬೇಕಾಗಿಲ್ಲ. ಸಾರಿಗೆ ಉಪ್ಪು ಸಾಲದು ಎಂದು ಆರಂಭವಾದದ್ದು ಸಮಾಜವೇ ಸರಿಯಿಲ್ಲ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಹುಣಸೂರಿನ ಹತ್ತಿರದ ಹಳ್ಳಿಯಲ್ಲಿರುವ ನನ್ನ ತಂಗಿಯ ಮಗಳು ಮೈಸೂರಿನಲ್ಲಿ ಎಂ.ಎ. ಓದುತ್ತಿದ್ದಾಳೆ. ಅವಳದು ಎರಡೇ ದಾರಿ. ಒಂದೋ ಆಯುಧ ಹಿಡಿದಾದರೂ ಕ್ರಾಂತಿಯಾಗಬೇಕು, ಇಲ್ಲವೇ ಈ ದೇಶ ಬಿಟ್ಟು ಕ್ಯೂಬಾಕ್ಕೋ ವಿಯೆಟ್ನಾಮಿಗೋ ಹೋಗಿ ಸಮಾನತೆಯಲ್ಲಿ ಬಾಳಬೇಕು. ತಂಗಿ ಹೆದರಿ ಕೆ.ಆರ್. ನಗರದಲ್ಲಿರುವ ನನಗೆ ಫೋನ್ ಮಾಡಿ, "ಅಕ್ಕಾ, ನೀನಾದ್ರೂ ಒಂದಿಷ್ಟು ಬುದ್ಧಿ ಹೇಳೇ" ಎಂದಳು.

ಬುದ್ಧಿ ಹೇಳುವುದೇನೋ ಸುಲಭ. ಆದರೆ ಹುಡುಗಿಯ ಸಿಟ್ಟು ಸುಳ್ಳಲ್ಲವಲ್ಲ! ಹೊಗೆಸೊಪ್ಪಿನ ಕಾಲದಲ್ಲಿ ತಾಯಿ ಮಗಳಿಬ್ಬರೂ ಕೂತು ಎಲೆ ಕಡ್ಡಿಗೆ ಕಟ್ಟಿ ಕಟ್ಟಿ ಬೆರಳೆಲ್ಲ ಅಂಟಾಗುತ್ತದೆ. ಬ್ಯಾರನ್ನಿನ ಬೆಂಕಿಗೆ ರಾತ್ರಿಯೆಲ್ಲ ಕಾವಲು. ಕೊನೆಗೆ ಬೆಲೆ ಗೊತ್ತು ಮಾಡುವವರು ಬೇರೆ ಯಾರೋ. ಹೆಗ್ಗಡದೇವನಕೋಟೆ ಕಡೆ ಹೋದರೆ ಕಬಿನಿ ಅಣೆಕಟ್ಟೆಗೆ ನೆಲ ಬಿಟ್ಟುಕೊಟ್ಟವರು, ನಾಗರಹೊಳೆ ಕಾಡಿನಿಂದ ಹೊರಬಿದ್ದ ಜೇನುಕುರುಬರ ಹಾಡಿಗಳು. ಇದನ್ನೆಲ್ಲ ಕಂಡ ಮಗುವಿಗೆ ರಕ್ತ ಕುದಿಯದಿದ್ದರೆ ಅದೇ ಯೋಚನೆಯ ವಿಷಯ.

ಆದರೂ ಬಂದೂಕಿನ ಮಾತಿಗೆ ನಾನು ಒಪ್ಪಲಿಲ್ಲ. ಅದಕ್ಕೆ ದೂರದ ಉದಾಹರಣೆ ಬೇಡ. ಕೋಟೆ ತಾಲ್ಲೂಕಿನ ಬಾವಲಿ ಗಡಿ ದಾಟಿದರೆ ವಯನಾಡು. ಅಲ್ಲಿನ ಆದಿವಾಸಿಗಳ ಕೂಲಿಗಾಗಿ ಹೋರಾಡಿದ ನಕ್ಸಲ್ ಮುಖಂಡ ವರ್ಗೀಸ್ 1970ರ ಫೆಬ್ರವರಿ 18ರಂದು ತಿರುನೆಲ್ಲಿ ಕಾಡಿನಲ್ಲಿ ಸತ್ತರು. ಗುಂಡಿನ ಕಾಳಗದಲ್ಲಿ ಸತ್ತರೆಂದು ಪೊಲೀಸರ ಹೇಳಿಕೆ. 1998ರಲ್ಲಿ ರಾಮಚಂದ್ರನ್ ನಾಯರ್ ಎಂಬ ಕಾನ್ಸ್‌ಟೇಬಲ್, ಮೇಲಧಿಕಾರಿಯ ಆಜ್ಞೆಯಂತೆ ತಾನೇ ಗುಂಡಿಟ್ಟು ಕೊಂದೆ ಎಂದು ಒಪ್ಪಿಕೊಂಡ. ಆ ಅಧಿಕಾರಿಗೆ ಶಿಕ್ಷೆಯಾದದ್ದು 2010ರಲ್ಲಿ, ನಲವತ್ತು ವರ್ಷದ ಮೇಲೆ! "ನೋಡಿದ್ರಾ ದೊಡ್ಡಮ್ಮ, ಸರ್ಕಾರ ಎಂಥದ್ದು ಅಂತ" ಎಂದಳು ಹುಡುಗಿ. ನೋಡಿದೆ ಕಣಮ್ಮ. ಅಂಥ ಸರ್ಕಾರದ ಎದುರು ಕೋವಿ ಹಿಡಿದು ನಿಂತರೆ ಗೆಲ್ಲುವವರು ಯಾರು ಅಂತಲೂ ನೋಡಿದೆ. ಮೈಸೂರಿನಲ್ಲಿ ಓದಿದ ಸಾಕೇತ್ ರಾಜನ್ ಕರ್ನಾಟಕದ ಚರಿತ್ರೆಯನ್ನೇ ಬರೆದ ಬುದ್ಧಿವಂತ. 2005ರ ಫೆಬ್ರವರಿಯಲ್ಲಿ ಚಿಕ್ಕಮಗಳೂರಿನ ಕಾಡಿನಲ್ಲಿ ಪೊಲೀಸರ ಗುಂಡಿಗೆ ಹೋದರು. ಕೆಲವೇ ದಿನದಲ್ಲಿ ಪಾವಗಡ ತಾಲ್ಲೂಕಿನ ವೆಂಕಟಮ್ಮನಹಳ್ಳಿಯಲ್ಲಿ ನಕ್ಸಲರು ಪೊಲೀಸ್ ಶಿಬಿರದ ಮೇಲೆ ಬಿದ್ದು ಹಲವರನ್ನು ಕೊಂದರು. ಆ ಪೊಲೀಸರೂ ಬಡವರ ಮಕ್ಕಳೇ ತಾನೆ? 2025ರ ಜನವರಿ 8ರಂದು ಬೆಂಗಳೂರಿನಲ್ಲಿ ಮುಖ್ಯಮಂತ್ರಿಗಳೆದುರು ಶರಣಾದ ಆರು ಮಂದಿಯಲ್ಲಿ ನಾಲ್ವರು ಹೆಂಗಸರು. ಅವರ ತಾಯಂದಿರು ಎಷ್ಟು ವರ್ಷ ಬಾಗಿಲ ಸದ್ದಿಗೆ ಎದ್ದು ಕೂತಿರಬೇಕು ಎಂದು ನಾನು ಆ ದಿನವೆಲ್ಲ ಯೋಚಿಸಿದೆ.

ಸರಿ, ಬಂದೂಕು ಬೇಡ, ಪಾಸ್‌ಪೋರ್ಟ್ ಆಗಬಹುದಲ್ಲ ಎಂದಳು. ಇದು ಸ್ವಲ್ಪ ಉದ್ದದ ಕಥೆ.

ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರನ್ನು ಕೈಮಗ್ಗದ ಸೀರೆ ಉಡುವ ನಾವು ಮರೆಯುವಂತಿಲ್ಲ. ಅವರ ಭಾವ ವೀರೇಂದ್ರನಾಥ ಚಟ್ಟೋಪಾಧ್ಯಾಯ, ಅಂದರೆ ಸರೋಜಿನಿ ನಾಯ್ಡು ಅವರ ತಮ್ಮ. ಬ್ರಿಟಿಷರ ವಿರುದ್ಧ ಯುರೋಪಿನಲ್ಲೆಲ್ಲ ಅಲೆದು, ಕೊನೆಗೆ ಸೋವಿಯತ್ ದೇಶವೇ ತನ್ನ ಮನೆ ಎಂದು ಹೋಗಿ ನೆಲೆಸಿದರು. 1937ರಲ್ಲಿ ಸ್ಟಾಲಿನ್ನನ ಪೊಲೀಸರು ಹಿಡಿದು ಸೆಪ್ಟೆಂಬರ್ 2ರಂದು ಗುಂಡಿಕ್ಕಿದರು. ಇಂಥ ಕಟ್ಟಾ ಕ್ರಾಂತಿಕಾರಿಗೇ ಆ ಗತಿ!

ಅಲ್ಲಿನ ರೈತರ ಪಾಡೂ ಕೇಳಿ. ಸಾಮೂಹಿಕ ಬೇಸಾಯದ ಹಳ್ಳಿಗರಿಗೆ ಒಳನಾಡಿನಲ್ಲಿ ತಿರುಗಾಡಲು ಬೇಕಾದ ಪಾಸ್‌ಪೋರ್ಟನ್ನೂ ಕೊಡುತ್ತಿರಲಿಲ್ಲ. ಕೊಡಬೇಕೆಂದು ತೀರ್ಮಾನವಾದದ್ದೇ 1974ರಲ್ಲಿ. ನಮ್ಮ ಹುಡುಗಿ ಹುಣಸೂರಿನ ಬಸ್ ಹತ್ತಿ ಮೈಸೂರಿಗೆ ಓದಲು ಹೋದ ಹಾಗೆ ಅಲ್ಲಿ ಸುಮ್ಮನೆ ಹೋಗುವಂತಿರಲಿಲ್ಲ.

"ಅದು ಹಳೇ ಕಾಲ" ಎಂದಳು. ಹೊಸ ಕಾಲದ್ದೇ ಹೇಳೋಣ. 2018ರಲ್ಲಿ ಚೀನಾದ ಶೆಂಜೆನ್ ನಗರದ ಜಾಸಿಕ್ ಕಾರ್ಖಾನೆಯ ಕೆಲಸಗಾರರು ತಮ್ಮದೇ ಸಂಘ ಕಟ್ಟಲು ಹೊರಟರು. ಮಾರ್ಕ್ಸನನ್ನು ಓದಿಕೊಂಡ ಕಾಲೇಜು ಮಕ್ಕಳು ಬೆಂಬಲಕ್ಕೆ ಹೋದರು, ಥೇಟ್ ಇವಳ ಹಾಗೆ. ಪೊಲೀಸರು ಆ ಮಕ್ಕಳನ್ನೇ ಎಳೆದೊಯ್ದರು. ಕ್ಯೂಬಾದ ವೈದ್ಯರ ಬಗ್ಗೆ ನನಗೂ ಗೌರವವಿದೆ, ಸುಳ್ಳು ಹೇಳೋದಿಲ್ಲ. ಆದರೆ 2022 ಮತ್ತು 2023ರಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಕ್ಯೂಬನ್ನರು ತಮ್ಮ ದೇಶ ಬಿಟ್ಟು ಅಮೆರಿಕದ ಗಡಿ ತಲುಪಿದರು. ಊರಿನವರೇ ಗಂಟುಮೂಟೆ ಕಟ್ಟುವಾಗ ನಾವು ಅಲ್ಲಿಗೆ ಬಾಡಿಗೆ ಮನೆ ಹುಡುಕಿಕೊಂಡು ಹೋಗುವುದೇ?

ವಲಸೆ ಅಂದರೇನೆಂದು ತಿಳಿಯಲು ಪಿರಿಯಾಪಟ್ಟಣಕ್ಕೆ ಹೋದರೆ ಸಾಕು. ಕಮ್ಯುನಿಸ್ಟ್ ಚೀನಾ ಟಿಬೆಟ್ಟನ್ನು ಹಿಡಿದ ಮೇಲೆ, 1959ರಲ್ಲಿ ದಲೈ ಲಾಮಾ ಅವರ ಹಿಂದೆ ಹಿಮ ದಾಟಿ ಬಂದವರಿಗೆ ಅಂದಿನ ಮೈಸೂರು ರಾಜ್ಯ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕಾಡುಭೂಮಿ ಕೊಟ್ಟಿತು. 1960ರ ಕೊನೆಗೆ ಮೊದಲ ತಂಡ ಬಂದು ಕಾಡು ಕಡಿದು ಜೋಳ ಬೆಳೆಯಿತು. ಹುಣಸೂರಿನ ಗುರುಪುರದ ಶಿಬಿರ 1972ರದು. ಚಳಿಗಾಲದಲ್ಲಿ ಅವರ ಕೈಲಿ ಸ್ವೆಟರ್ ಕೊಳ್ಳುವಾಗ ನಾವು ಚೌಕಾಸಿ ಮಾಡುತ್ತೇವೆಯೇ ಹೊರತು, ಇವರು ಯಾವುದರಿಂದ ಓಡಿ ಬಂದರು ಅಂತ ಕೇಳುತ್ತೇವೆಯೇ? ಇಷ್ಟು ಆದರದಿಂದ ಕರೆಸಿಕೊಂಡ ನಾಡಿನಲ್ಲೂ, ಇಲ್ಲೇ ಹುಟ್ಟಿ ಇಲ್ಲೇ ಕನ್ನಡ ಕಲಿತವರು ಎಷ್ಟೋ ಮಂದಿ ಇನ್ನೂ ವಿದೇಶಿಯರ ನೋಂದಣಿ ಪತ್ರ ನವೀಕರಿಸಿಕೊಂಡು ಬಾಳುತ್ತಿದ್ದಾರೆ.

ಹಾಗಾದರೆ ಸುಮ್ಮನೆ ಕೂರಬೇಕೇ ಎಂದು ರೇಗಿದಳು. ಬೇಡ. ಹುಣಸೂರಿನ ಕಲ್ಲಹಳ್ಳಿಯ ದೇವರಾಜ ಅರಸರು ಏನು ಮಾಡಿದರು? 1974ರಲ್ಲಿ ಭೂಸುಧಾರಣೆ ಕಾನೂನು ತಿದ್ದಿದರು. ತಾಲ್ಲೂಕಿಗೊಂದು ನ್ಯಾಯಮಂಡಳಿ, ವಕೀಲರಿಗೆ ಅಲ್ಲಿ ಪ್ರವೇಶವಿಲ್ಲ. ಲಕ್ಷಾಂತರ ಗೇಣಿದಾರರು ಅರ್ಜಿ ಕೊಟ್ಟೇ ಒಡೆಯರಾದರು. ಅದರ ಫಲ ಹೆಚ್ಚು ಸಿಕ್ಕಿದ್ದು ಗೇಣಿ ಹೆಚ್ಚಿದ್ದ ಕರಾವಳಿ ಮಲೆನಾಡಿಗೆ; ಕೂಲಿಯವರ ಪಾಲಿಗೆ ಬಂದದ್ದು ಅಲ್ಪ. ಆದರೂ ಯಾವ ತಾಯಿಯೂ ಅದಕ್ಕಾಗಿ ಮಗನ ಹೆಣ ಹೊರಲಿಲ್ಲ ಎಂದೆ.

ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ದೊಡ್ಡಮ್ಮ, ಉಳುವವನೇ ಒಡೆಯ ಅಂತಾರಲ್ಲ, ಉಳುವವಳು ಎಲ್ಲಿ ಹೋದಳು?" ಎಂದಳು. ನೋಡಿ, ಇದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ. ನಮ್ಮ ಕೆ.ಆರ್. ನಗರದ ನಾಲೆ ಬಯಲಿನಲ್ಲಿ ನಾಟಿ ಹಾಕುವವರು ಹೆಂಗಸರು, ಕಳೆ ಕೀಳುವವರು ಹೆಂಗಸರು. ಪಹಣಿಯಲ್ಲಿ ಹೆಸರು ಮಾತ್ರ ಗಂಡಸಿನದು. ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಪಾಲು ಎಂದು ಕರ್ನಾಟಕದ ತಿದ್ದುಪಡಿ 1994ರಲ್ಲಿ, ದೇಶಕ್ಕೆಲ್ಲ 2005ರಲ್ಲಿ ಬಂತು. ಕಾನೂನು ಬಂತು, ನಿಜ. ಕೇಳಿದವರೆಷ್ಟು ಮಂದಿ? ತವರಿನ ಬಾಗಿಲು ಮುಚ್ಚೀತೆಂಬ ಭಯಕ್ಕೆ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿ, ಒಂದು ಸೀರೆ ಇಸಕೊಂಡು ಬಂದವರೇ ನಮ್ಮಲ್ಲಿ ಹೆಚ್ಚು.

ಈಗ ಅವಳು ಕ್ಯೂಬಾದ ಮಾತು ಎತ್ತುತ್ತಿಲ್ಲ. ಹೊಗೆಸೊಪ್ಪಿನ ಹೊಲಕ್ಕೆ ಅಮ್ಮನ ಹೆಸರೂ ಸೇರಿಸಿ ಜಂಟಿ ಖಾತೆ ಮಾಡಿಸಬೇಕೆಂದು ಅಪ್ಪನ ಬೆನ್ನು ಹತ್ತಿದ್ದಾಳೆ. "ಇದಕ್ಕಿಂತ ನೀನು ಕ್ಯೂಬಾಗೆ ಹೋಗೋದೇ ವಾಸಿಯಾಗಿತ್ತು" ಎಂದನಂತೆ ಅವಳಪ್ಪ. ತಂಗಿ ಬಾಯಿಬಿಟ್ಟು ಏನೂ ಹೇಳಿಲ್ಲ. ಆಧಾರ್ ಪ್ರತಿ ಮಾತ್ರ ಮಗಳ ಕೈಗೆ ಕೊಟ್ಟಿದ್ದಾಳೆ.